ಪಾರು ಹಾಕಿದ ಮೊದಲ ವೋಟು

ಜರ್ಮನಿಗೆ ಹೋಗಿ ಬಂದೆ ಎಂದರೆ ದೊಡ್ಡಬಳ್ಳಾಪುರದಲ್ಲಿ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಾರೆ. ಊಟಕ್ಕೆ ಏನು ಮಾಡಿದಿರಿ? ಏನೇನು ನೋಡಿದಿರಿ? ಮೊದಲನೆಯದಕ್ಕೆ ಉತ್ತರ ಸುಲಭ. ರಾಗಿ ಹಿಟ್ಟು, ಹುಳಿಪುಡಿ, ಅರಿಶಿನ ಎಲ್ಲ ಇಲ್ಲಿಂದಲೇ ಒಯ್ದಿದ್ದೆ, ಅಡುಗೆ ನಾನೇ ಮಾಡಿದೆ. ಎರಡನೆಯದಕ್ಕೆ ಉತ್ತರ ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ನಾನು ನೋಡಿದ್ದು ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಐದು ಕಲ್ಲಿನ ಮೆಟ್ಟಿಲು, ಒಂದು ಹಳದಿ ಅಂಚೆ ಡಬ್ಬಿ. ಒಂದು ತಿಂಗಳಿಗೆ ಅಷ್ಟೇ.

ಹೋದದ್ದು ನನ್ನ ತಂಗಿ ಪಾರ್ವತಿಯನ್ನು ನೋಡಲು. ನಮಗೆಲ್ಲ ಅವಳು ಪಾರು. ರಾಜಘಟ್ಟದ ಪಕ್ಕದ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತನೆಯ ವಯಸ್ಸಿಗೆ ಕನ್ಯಾಸ್ತ್ರೀಯರ ಜೊತೆ ಜರ್ಮನಿಗೆ ಹೊರಟವಳು. ಆ ಕಾಲದಲ್ಲಿ ನಮ್ಮಲ್ಲಿ ವೋಟಿನ ವಯಸ್ಸು ಇಪ್ಪತ್ತೊಂದು. ಅವಳಿಗೆ ಒಂದು ವರ್ಷ ಕಡಿಮೆ ಬಿತ್ತು. ಆಮೇಲೆ ಅವಳು ಊರಿಗೆ ರಜೆಯಲ್ಲಿ ಬಂದಾಗ ಚುನಾವಣೆ ಇರುತ್ತಿರಲಿಲ್ಲ, ಚುನಾವಣೆ ಬಂದಾಗ ಅವಳಿಗೆ ರಜೆ ಇರುತ್ತಿರಲಿಲ್ಲ. ಅಲ್ಲಿಯವರನ್ನೇ ಮದುವೆಯಾದರೂ ನಮ್ಮ ಪಾಸ್‌ಪೋರ್ಟನ್ನು ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಮನಸ್ಸು ಗಟ್ಟಿ ಮಾಡಿಕೊಂಡು ಅಲ್ಲಿನ ಪ್ರಜೆಯಾದಳು. ಅಂದರೆ ಅರವತ್ತಾರು ವರ್ಷದ ಹೆಂಗಸು ನಾನು ಹೋಗುವವರೆಗೆ ಯಾವ ದೇಶದಲ್ಲೂ ಒಂದು ವೋಟು ಹಾಕಿರಲಿಲ್ಲ.

ನಾನು ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿದ್ದೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಅಷ್ಟೂ ವರ್ಷ ಪ್ರತಿ ಚುನಾವಣೆಗೂ ಮತಗಟ್ಟೆಯಲ್ಲೋ ಎಣಿಕೆಯ ಮೇಜಿನಲ್ಲೋ ಕೂತಿದ್ದೇನೆ. ಈ ಮಾತನ್ನು ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ದೇವನಹಳ್ಳಿ

ನಮ್ಮ ಮನೆಯ ತಾರಸಿಯಿಂದ ವಿಮಾನಗಳು ಇಳಿಯುವುದು ಕಾಣುತ್ತದೆ. ಬಟ್ಟೆ ಒಣಗಿಸುವಾಗ ದಿನವೂ ನೋಡಿದ್ದೆ. ಒಳಗೆ ಕೂತದ್ದು ಎಪ್ಪತ್ತನೆಯ ವಯಸ್ಸಿನಲ್ಲಿ, ಇದೇ ಮೊದಲು.

ತಪಾಸಣೆಯಲ್ಲಿ ಕೈಚೀಲದಿಂದ ಅರಿಶಿನದ ಡಬ್ಬಿ ತೆಗೆಸಿದರು.

“ಏನಮ್ಮ ಇದು ಪೌಡರು?”

“ಅರಿಶಿನ ಕಣಪ್ಪ. ಯಾಕೆ, ನಿಮ್ಮನೇಲಿ ಇಲ್ವಾ?”

ಆತ ನಕ್ಕು, ಮೂಸಿ ನೋಡಿ, ವಾಪಸ್ಸು ಕೊಟ್ಟ. ಆಗ ಕಸಿದುಕೊಂಡು ತೊಟ್ಟಿಗೆ ಎಸೆದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಐದು ಮೆಟ್ಟಿಲು

ಪಾರು ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

“ಬಂದ್ರಾ ಹೆಡ್‌ಮೇಡಮ್ಮು? ಅಟೆಂಡೆನ್ಸ್ ತಗಳಿ. ಈ ಕ್ಲಾಸಲ್ಲಿ ನಾನೊಬ್ಳೇ ಇರೋದು.”

ತಬ್ಬಿಕೊಂಡಾಗ ನನ್ನ ಕೈಗೆ ಸಿಕ್ಕಿದ್ದು ಮೂಳೆ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ವೈದ್ಯರು ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು. ಅವಳು ಅದನ್ನು ನನಗೆ ಹವಾಮಾನದ ಸುದ್ದಿಯ ಹಾಗೆ ಹೇಳಿದಳು.

“ಎಷ್ಟು ಜನುಕ್ಕೆ ನಾನೇ ಹೇಳಿದೀನಿ ಕಣಕ್ಕ ಈ ಮಾತ್ನ. ಈಗ ನನ್ ಸರದಿ. ಯುಗಾದಿ ಗಂಟ ಇರ್ತೀನೋ ಇಲ್ವೋ. ಆದ್ರೆ ವೋಟಿನ ಗಂಟ ಇರ್ಬೇಕು. ಅದೊಂದು ಹಾಕ್ಬುಟ್ಟು ಹೋಯ್ತೀನಿ.”

ದೇಶದ ಚುನಾವಣೆಗೆ ಆಗ ಮೂರು ವಾರವಿತ್ತು.

ನಾನು ಎಲ್ಲಿದ್ದರೂ ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಬಾಗಿಲು ಗುಡಿಸಿ ನೀರು ಹಾಕುತ್ತೇನೆ. ಮರುದಿನ ಅಲ್ಲೂ ಹಾಗೇ ಮಾಡಿದೆ. ಎರಡು ಸ್ವೆಟರ್ ಹಾಕಿಕೊಂಡು, ಐದು ಮೆಟ್ಟಿಲನ್ನೂ ಉಜ್ಜಿ ತೊಳೆದು, ಒಳಗೆ ಬಂದು ಕಾಫಿಗೆ ಇಟ್ಟೆ. ಏಳು ಗಂಟೆಗೆ ಹೊರಗೆ ದಢ್ ಎಂದು ಸದ್ದಾಯಿತು. ತೆರೆದು ನೋಡಿದರೆ ನಾನು ಹಾಕಿದ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಬಿಳಿ ಕೂದಲಿನ ಒಬ್ಬ ಹೆಂಗಸು ಕಂಬಿ ಹಿಡಿದು ಮಂಡಿಯೂರಿ ಕೂತಿದ್ದರು. ಇನ್ನೊಂದು ಕೈಯಲ್ಲಿದ್ದ ಬ್ರೆಡ್ಡಿನ ಚೀಲವನ್ನು ಮಾತ್ರ ಬಿಟ್ಟಿರಲಿಲ್ಲ.

ಅವರು ಪಕ್ಕದ ಮನೆಯ ಉರ್ಸುಲಾ. ಯಾವುದೋ ಕಚೇರಿಯಲ್ಲಿದ್ದು ನಿವೃತ್ತರಾದವರು, ನನಗಿಂತ ಎರಡು ವರ್ಷ ದೊಡ್ಡವರು. ದಿನವೂ ಏಳಕ್ಕೆ ಪಾರುವಿಗೆ ಬಿಸಿ ಬ್ರೆಡ್ ತರುತ್ತಾರೆ. ಎದ್ದು, ಮಂಡಿ ಒರೆಸಿಕೊಂಡು ಹೋಗಿ, ಒಂದು ಬಕೆಟ್ ಉಪ್ಪು ತಂದು, ಹೆಪ್ಪು ಕರಗಲೆಂದು ಮೆಟ್ಟಿಲಿಗೆಲ್ಲ ಎರಚಿದರು. ನನಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಹೇಳಿದರು: ಇಲ್ಲಿ ನೀರು ಬೇಡ, ಉಪ್ಪು ಬೇಕು.

ನಮ್ಮ ಕಡೆ ಬೇರೆಯವರ ಹೊಸಿಲಿಗೆ ಉಪ್ಪು ಸುರಿದರೆ ಮಾಟ ಮಾಡಿಸಿದರೆಂದು ಜಗಳವಾಗುತ್ತದೆ. ಪಾರು ಹೊಟ್ಟೆ ಹಿಡಿದುಕೊಂಡು, ನೋವಾದರೂ ನಕ್ಕಳು. “ಅಕ್ಕಾ, ನಿನ್ ಕೈ ಅದರ ಪಾಡಿಗೆ ಅದು ಕೆಲ್ಸ ಮಾಡ್ತದೆ ಕಣೆ. ನಿನ್ನ ಕೇಳೋದೇ ಇಲ್ಲ!”

ಆರು ಅಂಕಣ

ಚುನಾವಣೆ ಇದೆ ಎಂದು ಆ ಊರಿನ ಬೀದಿ ನೋಡಿದರೆ ಗೊತ್ತಾಗುವುದಿಲ್ಲ. ಆಟೋದ ಮೇಲೆ ಮೈಕಿಲ್ಲ, ಪಟಾಕಿಯಿಲ್ಲ, ಬಿರಿಯಾನಿಯ ವಾಸನೆಯಿಲ್ಲ. ದೀಪದ ಕಂಬಗಳಿಗೆ ಒಂದರ ಕೆಳಗೊಂದು ಹಲಗೆ ಕಟ್ಟಿರುತ್ತಾರೆ, ಎಲ್ಲ ಪಕ್ಷದವರದೂ. ಅಭ್ಯರ್ಥಿಗಳ ಮುಖದ ಮೇಲೆ ಹಿಮ ಕೂತಿತ್ತು. ನಮ್ಮ ಬೀದಿಯ ಮಗ್ಗಗಳ ಸದ್ದಿಗೆ ಒಗ್ಗಿದ ನನ್ನ ಕಿವಿಗೆ ಆ ಮೌನವೇ ಒಂದು ಕಾಯಿಲೆಯಂತಿತ್ತು.

ಪಕ್ಷಗಳು ಮಾತಾಡುವುದು ಕಾಗದದಲ್ಲಿ. ಪಾರುವಿನ ಮಂಚದ ಕೆಳಗೆ ಅವರ ಕರಪತ್ರಗಳ ಒಂದು ರಟ್ಟಿನ ಪೆಟ್ಟಿಗೆ ಇತ್ತು.

“ಹಗೇವಿಗೆ ರಾಗಿ ತುಂಬಿದಂಗೆ ತುಂಬಿಟ್ಟಿದೀನಿ ನೋಡು. ಒಂದನ್ನೂ ಎಸೆದಿಲ್ಲ.”

ಹಗೇವು, ನೆಲದೊಳಗೆ ಧಾನ್ಯ ತುಂಬಿಡುತ್ತಿದ್ದ ಗುಂಡಿ. ನಮ್ಮ ಹಳ್ಳಿಯಲ್ಲಿ ಗುಂಡಿಯೂ ಮುಚ್ಚಿದೆ, ಮಾತೂ ಹೋಗಿದೆ. ಅವಳ ಬಾಯಲ್ಲಿ ಮಾತ್ರ ಅದು ಹಿಮದ ನಡುವೆ ಕೆಡದೆ ಉಳಿದಿತ್ತು.

“ಯಾರಿಗಾಕ್ಲಿ ಅಂತ ನೀನೇ ಹೇಳಕ್ಕ,” ಎಂದಳು. “ಅಪ್ಪ ಇದ್ದಿದ್ರೆ ಹೇಳೋರು.”

ಹೌದು, ಅಪ್ಪ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, “ಈ ಸಲ ಇವ್ರಿಗೆ” ಎನ್ನುತ್ತಿದ್ದರು. ಮದುವೆಯಾದ ಮೇಲೆ ನಮ್ಮ ಯಜಮಾನರು ಹೇಳಿದರು. ಅವರು ಹೋದ ಮೇಲೆ ಮೈದುನ ಹೇಳುತ್ತಾನೆ. ಅಭ್ಯರ್ಥಿ ನಮ್ಮವನು, ಕಷ್ಟಕ್ಕೆ ಆಗುತ್ತಾನೆ, ಸಾವಿಗೆ ಬಂದಿದ್ದ: ಇಷ್ಟೇ ಕಾರಣ. ಸಾವಿರಾರು ಜನರಿಗೆ ಗುಟ್ಟಾಗಿ, ಸ್ವಂತ ಬುದ್ಧಿಯಿಂದ ವೋಟು ಹಾಕಿ ಎಂದು ಹೇಳಿ ಕಳಿಸಿದವಳು ನಾನು. ಒಂದು ಸಲವೂ ಒಂದು ಪಕ್ಷದ ಕಾಗದವನ್ನು ಇನ್ನೊಂದರ ಪಕ್ಕ ಇಟ್ಟು ಓದಿರಲಿಲ್ಲ. ಆ ಮಂಚದ ಅಂಚಿನಲ್ಲಿ ಕೂತಾಗ ಇದು ನನಗೆ ಹೊಳೆದು ನಾಚಿಕೆಯಾಯಿತು.

“ನಾನು ಹೇಳಲ್ಲ. ನೀನು ಓದಿ ಕನ್ನಡದಲ್ಲಿ ಹೇಳು. ನಾನು ಬರ್ಕೊತೀನಿ,” ಎಂದೆ.

ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ಸ್ಕೇಲಿನಿಂದ ಗೆರೆ ಎಳೆದೆ. ಆರು ಪಕ್ಷಕ್ಕೆ ಆರು ಅಂಕಣ. ಎಡಕ್ಕೆ ವಿಷಯಗಳು: ಮುದುಕರ ಆರೈಕೆ, ನರ್ಸುಗಳ ಕೆಲಸ, ಮನೆ ಬಾಡಿಗೆ, ಚಳಿಗಾಲದ ಇಂಧನ, ಹೊರಗಿನಿಂದ ಬಂದವರು, ಹತ್ತಿರದ ದೇಶದ ಯುದ್ಧ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ದಿನಕ್ಕೆ ಒಂದು ಪಕ್ಷ, ಬೆಳಿಗ್ಗೆ ಹತ್ತರಿಂದ ಹನ್ನೊಂದು. ಅಷ್ಟು ಹೊತ್ತು ಮಾತ್ರ ಅವಳಿಗೆ ಕೂರಲು ಆಗುತ್ತಿತ್ತು.

ಓದುವಾಗ ಅವಳು ಕಾಯಿಲೆಯವಳಲ್ಲ, ವಾರ್ಡಿನ ಮುಖ್ಯ ನರ್ಸು.

“ಇವ್ರು ನೋಡು, ಹಿರಿಯರು ನಮ್ಮ ಆಸ್ತಿ ಅಂತ ಬರ್ದವ್ರೆ. ಒಬ್ಬ ನರ್ಸಿಗೆ ರಾತ್ರಿ ಪಾಳೀಲಿ ಎಷ್ಟು ಜನ ಮುದುಕ್ರು ಅಂತ ಬರ್ದವ್ರಾ? ಇಲ್ಲ. ಮೂರು ಕೊಡು.”

“ಮೂರು ಕಮ್ಮಿ ಆಯ್ತು ಕಣೇ.”

“ನೀನು ಮಕ್ಕಳಿಗೆ ಪಾಸ್ ಮಾಡಿದಂಗೆ ಮಾಡ್ಬೇಡ. ಇವ್ರು ದೇಶ ಆಳೋರು.”

ಮುದುಕರ ಆರೈಕೆಯ ಬಗ್ಗೆ ಬಿಡಿಸಿ, ಅಚ್ಚುಕಟ್ಟಾಗಿ ಬರೆದಿದ್ದ ಪಕ್ಷ ಮೂರನೆಯ ಅಂಕಣದ್ದು. ಅದಕ್ಕೆ ಎಂಟು ಕೊಟ್ಟಳು. ಆದರೆ ಹೊರಗಿನಿಂದ ಬಂದವರು ಕಡಿಮೆಯಾಗಬೇಕು, ಬಹಳ ಜನ ವಾಪಸ್ಸು ಹೋಗಬೇಕು ಎಂದು ಬರೆದದ್ದೂ ಅದೇ ಪಕ್ಷ. ಪಾರು ಆ ಪುಟವನ್ನು ಎರಡು ಸಲ ಓದಿದಳು.

“ನಮ್ಮನ್ನ ಕಳ್ಸಿಬುಟ್ರೆ ಆ ಮುದುಕ್ರನ್ನ ತೊಳೆಯೋರು ಯಾರಂತೆ?”

ಅಲ್ಲಿ ಎಷ್ಟು ಅಂಕ ಬರೆಯಲಿ ಎಂದು ಕೇಳಿದೆ. ಖಾಲಿ ಬಿಡು ಎಂದಳು.

ಮೊತ್ತ ಕೂಡಿದಾಗ ಎರಡನೆಯದೂ ಐದನೆಯದೂ ಎಲ್ಲಕ್ಕಿಂತ ಮೇಲೆ ಸಮವಾಗಿ ನಿಂತವು.

“ಗ್ರೇಸ್ ಮಾರ್ಕ್ಸ್ ಯಾರಿಗೆ ಕೊಡ್ತೀಯ ಮೇಡಮ್ಮು?”

“ಅದನ್ನ ನೀನೇ ಕೊಡು. ನನ್ನ ಎದುರಿಗೆ ಬೇಡ.”

ಉರ್ಸುಲಾ ಕುಡಿದ ಕಾಫಿ

ಉರ್ಸುಲಾಗೆ ನಮ್ಮ ಕಾಫಿ ಹಿಡಿಸಿತ್ತು. ದಿನವೂ ನಾಲ್ಕಕ್ಕೆ ಬರತೊಡಗಿದರು. ಒಂದು ನಿಮಿಷ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಇಂಥವರೊಬ್ಬರು ನಮ್ಮ ಶಾಲೆಯಲ್ಲಿ ಸಿಗಲಿಲ್ಲವಲ್ಲ ಎಂದುಕೊಂಡೆ. ಗೋಡೆಗೆ ಅಂಟಿಸಿದ್ದ ನನ್ನ ಕೋಷ್ಟಕದಲ್ಲಿ ಪಾರು ಜರ್ಮನ್‌ನಲ್ಲಿ ಬರೆದಿದ್ದ ಪಕ್ಷಗಳ ಹೆಸರನ್ನು ಕನ್ನಡಕ ಹಾಕಿಕೊಂಡು ನೋಡಿ, ಮೂರನೆಯ ಅಂಕಣದ ಮೇಲೆ ಬೆರಳಿಟ್ಟು, “ನನ್ನದು ಇದು,” ಎಂದರು. ಮುಚ್ಚುಮರೆ ಇಲ್ಲ.

ನಾನು ಲೋಟ ಕೆಳಗಿಟ್ಟೆ. “ಹಾಗಾದರೆ ಪಾರ್ವತಿ?” ಎಂದು ಕೇಳಿದೆ.

“ಪಾರ್ವತಿ ಬೇರೆ. ಪಾರ್ವತಿ ನಮ್ಮವಳು.”

ಅವರು ಹೋದ ಮೇಲೆ ಪಾರುವನ್ನು ಕೇಳಿದೆ, ನಿನಗೆ ಸಿಟ್ಟು ಬರುವುದಿಲ್ಲವೇ ಎಂದು.

“ನಮ್ಮೆಜಮಾನ್ರು ಹೋದಾಗ ಹದಿನೈದು ದಿನ ನನ್ ಜೊತೆ ಇದೇ ಮನೇಲಿ ಮಲಗಿದ್ಲು ಕಣಕ್ಕ. ಬ್ರೆಡ್ ತರೋದು ಒಂದು, ವೋಟ್ ಹಾಕೋದು ಒಂದು. ನೋವಾಗಲ್ಲ ಅಂತ ನಾನು ಹೇಳಲ್ಲ. ಅದಕ್ಕೇ ನಂದೊಂದು ಬೀಳ್ಬೇಕು ಅನ್ನೋದು. ಅವಳದು ಒಂದು, ನಂದು ಒಂದು. ಆಗ ಸಮ ಆಯ್ತದೆ. ಆಮೇಲೆ ಇಬ್ರೂ ಬ್ರೆಡ್ ತಿನ್ನಬೋದು.”

ನಮ್ಮ ಹಳ್ಳಿಯಲ್ಲಿ ಒಂದು ಚುನಾವಣೆಯಲ್ಲಿ ಮುರಿದ ಎರಡು ದಾಯಾದಿ ಮನೆಗಳಿವೆ. ನಡುವೆ ಒಂದೇ ಗೋಡೆ. ಈ ಕಡೆಯ ಸಾವಿಗೆ ಆ ಕಡೆಯವರು ಬರಲಿಲ್ಲ. ನನಗೆ ಆ ಗೋಡೆಯೇ ಕಣ್ಣ ಮುಂದೆ ಬಂತು.

ಮಂಗಳವಾರ, ಅಂಚೆ ಡಬ್ಬಿ

ಮತಗಟ್ಟೆ ಎದುರಿನ ಶಾಲೆಯಲ್ಲೇ. ಆದರೂ ಪಾರುವಿಗೆ ಮೆಟ್ಟಿಲು ಇಳಿಯಲಾಗದು. ಅಲ್ಲಿ ಕೇಳಿದವರಿಗೆಲ್ಲ ಅಂಚೆಯಲ್ಲಿ ಮತಪತ್ರ ಕಳಿಸುತ್ತಾರೆ. ಒಂದು ಉದ್ದನೆಯ ಹಾಳೆ, ಅದರಲ್ಲಿ ಎರಡು ಗುರುತು ಹಾಕಬೇಕು: ಒಂದು ವ್ಯಕ್ತಿಗೆ, ಒಂದು ಪಕ್ಷಕ್ಕೆ. ಅದನ್ನು ಒಳಗಿನ ಲಕೋಟೆಯಲ್ಲಿ ಅಂಟಿಸಬೇಕು. ಆ ಲಕೋಟೆಯನ್ನೂ ಸಹಿ ಮಾಡಿದ ಚೀಟಿಯನ್ನೂ ಹೊರಗಿನ ಕೆಂಪು ಲಕೋಟೆಗೆ ಹಾಕಬೇಕು.

“ಇಲ್ಲೊಂದು ಒಳ್ಳೇ ಕಾನೂನು ಐತೆ ಕಣಕ್ಕ. ಕಾಗ್ದ ಕಳಿಸಿದ್ಮೇಲೆ ನಾನು ಸತ್ರೂ ವೋಟು ಸಾಯಲ್ಲ. ಎಣಿಸ್ತಾರೆ.”

“ಸುಮ್ನಿರೇ, ಬಾಯಿಗೆ ಬಂದಂಗೆ ಆಡ್ಬೇಡ.”

“ಆಯ್ತು, ಆಚೆ ಹೋಗು. ಗುಟ್ಟು.”

ನಾನು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತೆ, ಮತಗಟ್ಟೆಯಲ್ಲಿ ನಿಲ್ಲುವ ಹಾಗೆ. ಕಾಲು ಗಂಟೆ ಹಿಡಿಯಿತು. ಪೆನ್ನಿನ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು. ಕರೆದಾಗ ಒಳಗೆ ಹೋದೆ. ಅಂಟಿಸಿದ ಲಕೋಟೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಮುಖ ತೊಳೆದ ಹಾಗಿತ್ತು.

“ಹಾಕ್ಬುಟ್ಟೆ ಕಣಕ್ಕ.”

ಉಳಿದದ್ದನ್ನು ನೀನು ಮಾಡು ಎಂದು ಲಕೋಟೆ, ಚೀಟಿ ಎರಡನ್ನೂ ನನಗೆ ಕೊಟ್ಟು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು.

ನಾನು ಅವನ್ನು ಅಡುಗೆಮನೆಯ ಮೇಜಿಗೆ ತಂದೆ. ಸಾರಿಗೆ ಹಾಕಲು ತೆರೆದಿದ್ದ ಅರಿಶಿನದ ಡಬ್ಬಿ ಅಲ್ಲೇ ಇತ್ತು. ಶುಭಕ್ಕೆಂದು ಮನೆಯಿಂದ ಹೊರಡುವ ಮೊದಲ ಕಾಗದಕ್ಕೆ ನಾವು ಅರಿಶಿನ ಹಚ್ಚದೆ ಕಳಿಸುವುದಿಲ್ಲ. ಲಗ್ನಪತ್ರಿಕೆಗೆ ಹಚ್ಚುತ್ತೇವೆ. ನನ್ನ ಶಾಲೆಯ ಮಕ್ಕಳ ಹಾಲ್‌ಟಿಕೆಟ್ಟಿಗೂ ತಾಯಂದಿರು ಹಚ್ಚಿ ಕಳಿಸುತ್ತಿದ್ದರು. ಹೊರಗಿನ ಕೆಂಪು ಲಕೋಟೆ ಸರ್ಕಾರದ್ದು, ಒಳಗಿನದು ನನ್ನ ತಂಗಿಯದು ಅನ್ನಿಸಿತು. ಹೆಬ್ಬೆರಳು ಒದ್ದೆ ಮಾಡಿ, ಒಳಗಿನ ಲಕೋಟೆಯ ನಾಲ್ಕು ಮೂಲೆಗೂ ಹಚ್ಚಿದೆ. ಕಣ್ಣಿಗೆ ಒತ್ತಿಕೊಂಡೆ. ಕೆಂಪು ಲಕೋಟೆಯೊಳಗಿಟ್ಟು ಅಂಟಿಸಿದೆ.

ಬೀದಿಯ ಕೊನೆಯಲ್ಲಿ ಅಂಚೆ ಡಬ್ಬಿ. ಆ ದೇಶದಲ್ಲಿ ಅದರ ಬಣ್ಣ ಹಳದಿ, ಥೇಟ್ ಅರಿಶಿನ. ಒಳ್ಳೆಯ ಶಕುನ ಎಂದುಕೊಂಡು ಹಾಕಿ ಬಂದೆ.

ಬುಧವಾರ, ಹೆಬ್ಬೆರಳು

ಮರುದಿನ ಕಾಫಿಗೆ ಬಂದಾಗ ಉರ್ಸುಲಾ ಹೇಳಿದರು: ಭಾನುವಾರ ಸಂಜೆ ನಾನು ಬರುವುದಿಲ್ಲ, ಅಂಚೆ ಮತಗಳನ್ನು ಎಣಿಸುವ ಮೇಜಿನಲ್ಲಿ ಕೂರುತ್ತೇನೆ. ಅಲ್ಲಿ ಈ ಕೆಲಸವನ್ನು ಊರಿನ ಜನರೇ ಮಾಡುತ್ತಾರೆ.

ನನಗೆ ಉತ್ಸಾಹ ಬಂತು. ಪಾರು ಒಳಗೆ ನಿದ್ದೆಯಲ್ಲಿದ್ದಳು. ನಾವಿಬ್ಬರು ಮುದುಕಿಯರು ಅಡುಗೆಮನೆಯಲ್ಲಿ ಕೂತು ಮುರುಕು ಇಂಗ್ಲಿಷಿನಲ್ಲಿ ಕಸುಬಿನ ಮಾತಾಡಿದೆವು. ಅರಗು ಹಾಕಿ ಮುದ್ರೆ ಒತ್ತುವುದು, ಬೆರಳಿಗೆ ಶಾಯಿ ಹಚ್ಚುವುದು ಎಲ್ಲ ಹೇಳಿದೆ. ಶಾಯಿಯ ವಿಷಯ ಕೇಳಿ ಅವರು ನಕ್ಕರು. ತಮ್ಮ ಕ್ರಮವನ್ನು ವಿವರಿಸಿದರು. ಮೊದಲು ಕೆಂಪು ಲಕೋಟೆ ತೆರೆದು ಸಹಿಯ ಚೀಟಿ ನೋಡುತ್ತಾರೆ. ಒಳಗಿನ ಲಕೋಟೆಯನ್ನು ತೆರೆಯದೆ ಪೆಟ್ಟಿಗೆಗೆ ಹಾಕುತ್ತಾರೆ. ಎಲ್ಲ ಬೆರೆತು ಹೋಗಬೇಕು, ಯಾವುದು ಯಾರದೆಂದು ಯಾರಿಗೂ ತಿಳಿಯಬಾರದು.

“ಒಂದು ಲಕೋಟೆ ಬೇರೆ ಥರ ಕಂಡರೆ?” ನಾನು ಕೇಳಿದ್ದು ಕೇವಲ ಕುತೂಹಲಕ್ಕೆ.

“ಗುರುತು ಇದ್ದರೆ? ಪಕ್ಕಕ್ಕೆ. ಎಲ್ಲರೂ ಸೇರಿ ನೋಡಿ ತಿರಸ್ಕರಿಸುತ್ತೇವೆ.”

ಲೋಟ ಹಿಡಿದಿದ್ದ ನನ್ನ ಹೆಬ್ಬೆರಳು ಆಗ ನನಗೆ ಕಂಡಿತು. ಉಗುರಿನ ಸುತ್ತ ಇನ್ನೂ ಹಳದಿ.

ಬಹಳ ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಎಣಿಕೆಯಲ್ಲಿ ನನ್ನ ಮೇಜಿಗೆ ಒಬ್ಬ ಸೈನಿಕನ ಅಂಚೆ ಮತ ಬಂದಿತ್ತು. ಮತಪತ್ರದ ತಲೆಯ ಮೇಲೆ, ಪರೀಕ್ಷೆಯ ಹಾಳೆಗೆ ಬರೆಯುವಂತೆ, ಚೆಂದದ ಅಕ್ಷರದಲ್ಲಿ ‘ಶ್ರೀ’ ಎಂದು ಬರೆದಿದ್ದ. ಗುರುತು ಸಿಗುವಂಥದ್ದು ಏನಿದ್ದರೂ ಮತ ಅಸಿಂಧು. ನಾನೇ ಎತ್ತಿ ತಿರಸ್ಕೃತದ ಕಟ್ಟಿಗೆ ಇಟ್ಟಿದ್ದೆ. ಅಯ್ಯೋ ಎಂದೂ ಅನ್ನಿಸಿರಲಿಲ್ಲ. ನಿಯಮ ನಿಯಮವೇ ಅಲ್ಲವೇ?

“ಉರ್ಸುಲಾ, ಕಳಿಸಿದ್ದನ್ನು ವಾಪಸ್ಸು ತೆಗೆಯಬಹುದೇ?”

“ಇಲ್ಲ. ಹೋದದ್ದು ಹೋಯಿತು.”

“ನಾನು ನಿನ್ನೆ ಪಾರ್ವತಿಯ...”

ಅವರು ಥಟ್ಟನೆ ಅಂಗೈ ಎತ್ತಿದರು. “ಬೇಡ. ಭಾನುವಾರ ನಾನು ಆ ಮೇಜಿನಲ್ಲಿ ಕೂರುತ್ತೇನೆ. ನನಗೆ ಏನೂ ಹೇಳಬೇಡಿ.”

ಆ ಅಂಗೈಯನ್ನು ನಾನು ಬಲ್ಲೆ. ಎಷ್ಟೋ ಸಲ ನಾನೇ ಎತ್ತಿದ್ದೇನೆ.

ಪಾರುವಿಗೆ ಹೇಳಬೇಕೆಂದು ಆ ದಿನ ಮೂರು ಸಲ ಅವಳ ಕೋಣೆಗೆ ಹೋದೆ. ಮೂರನೆಯ ಸಲ ಅವಳು ತನ್ನ ಹಳೆಯ ಆಸ್ಪತ್ರೆಯ ಗೆಳತಿಯೊಬ್ಬಳಿಗೆ ಫೋನ್ ಮಾಡಿ ಜರ್ಮನ್‌ನಲ್ಲಿ ಏನೋ ಹೇಳುತ್ತಿದ್ದಳು. ಭಾಷೆ ಬಾರದಿದ್ದರೂ ಅದು ವೋಟು ಹಾಕಿದ ಸಂಭ್ರಮವೆಂದು ನನಗೆ ಅರ್ಥವಾಯಿತು. ದಿಂಬು ಸರಿಮಾಡಿ ಹೊರಗೆ ಬಂದೆ.

ಭಾನುವಾರ, ಸಂಜೆ ಆರು

ಪಾರು ಬೆಳಿಗ್ಗೆಯೇ ಸೀರೆ ಕೇಳಿದಳು. ನಾನು ಒಯ್ದಿದ್ದ ದೊಡ್ಡಬಳ್ಳಾಪುರದ ನೇಯ್ಗೆಯದನ್ನು ಉಡಿಸಿದೆ. ಅವಳ ಸೊಂಟಕ್ಕೆ ಎರಡು ಸುತ್ತು ಹೆಚ್ಚಾಗಿ ಬಂತು.

“ವೋಟಿನ ದಿನ ನಮ್ಮೂರಲ್ಲಿ ಹೆಂಗಸ್ರು ಒಳ್ಳೇ ಸೀರೆ ಉಡ್ತಿದ್ರಲ್ಲ. ನಂಗೊಂದು ಗುರುತೂ ಹಾಕಕ್ಕ. ನೀನು ಆಪೀಸರ್ರಲ್ವಾ?”

ಎಡಗೈ ತೋರುಬೆರಳು ಮುಂದೆ ಚಾಚಿದಳು. ಆ ಬೆರಳು ಕಡ್ಡಿಯಾಗಿತ್ತು. ನಾನು ನೀಲಿ ಪೆನ್ನು ತೆಗೆದು ಉಗುರಿನಿಂದ ಚರ್ಮದವರೆಗೆ ಒಂದು ಗೆರೆ ಎಳೆದೆ. ಸಾವಿರಾರು ಬೆರಳಿಗೆ ಹಚ್ಚಿದವಳು ನಾನು. ಸುಳ್ಳು ಗುರುತು ಹಾಕಿದ್ದು ಅದೊಂದೇ.

“ಯಾಕೆ ಅಳ್ತೀಯ ದಡ್ಡಿ?” ಎಂದಳು. “ಇನ್ನೂ ಇದೀನಲ್ಲ.”

ಸರಿಯಾಗಿ ಆರಕ್ಕೆ ಮತದಾನ ಮುಗಿದು, ಟಿವಿಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಎಂಬ ಬಣ್ಣಬಣ್ಣದ ಪಟ್ಟಿಗಳು ಎದ್ದು ನಿಂತವು. ಪಾರು ನನ್ನ ಭುಜಕ್ಕೆ ಒರಗಿ, ನೀಲಿ ಗುರುತಿನ ಬೆರಳನ್ನು ಪರದೆಯ ಕಡೆ ಚಾಚಿದಳು. ಯಾವ ಪಟ್ಟಿ ಎಂದು ತಿಳಿಯದಂತೆ ಬೆರಳನ್ನು ಆ ಕಡೆಯಿಂದ ಈ ಕಡೆಗೆ ಆಡಿಸಿದಳು. ಕೊನೆಯವರೆಗೂ ಗುಟ್ಟು ಬಿಡಲಿಲ್ಲ.

“ಅದ್ರೊಳಗೆ ಒಂದ್ರಲ್ಲಿ ನಂದೂ ಐತೆ ಕಣಕ್ಕ.”

ಎಂಟರ ಸುಮಾರಿಗೆ ಉರ್ಸುಲಾ ಕೋಟಿನ ಮೇಲೆ ಹಿಮ ಹೊತ್ತುಕೊಂಡು ಬಂದರು. ಪಾರು ಅವರನ್ನು ನಗುತ್ತಾ ಏನೋ ಕೇಳಿದಳು. ಅವರು ಉತ್ತರ ಕೊಟ್ಟರು. ಪಾರು ನನಗೆ ಕನ್ನಡದಲ್ಲಿ ಹೇಳಿದಳು: “ನನ್ ಲಕೋಟೆ ಕಂಡ್ಯಾ ಅಂದೆ. ಎಲ್ಲಾ ಒಂದೇ ಥರ ಇರ್ತವೆ, ನಿಂದ್ಯಾವ್ದು ಅಂತ ಹೆಂಗೆ ತಿಳೀತದೆ ಅಂತಾಳೆ!”

ಮುಖ ನೋಡಿ ಮಾತಾಡುವ ಆ ಹೆಂಗಸು ಆ ಮಾತನ್ನು ಪಾರುವಿನ ಮುಖ ನೋಡಿ ಹೇಳಿರಲಿಲ್ಲ. ಅವರ ಕಣ್ಣು ನನ್ನ ಹೆಬ್ಬೆರಳಿನ ಮೇಲಿತ್ತು. ನಾನು ಸೆರಗಿನೊಳಗೆ ಕೈ ಎಳೆದುಕೊಂಡೆ. ಅವರು ಕೋಟು ಬಿಚ್ಚಿ, ಪಾರುವಿನ ಕಾಲ ಬಳಿ ಕೂತು, ಅವಳ ತಣ್ಣಗಿನ ಪಾದಗಳನ್ನು ತಮ್ಮ ಮಡಿಲಿಗೆ ಎತ್ತಿಕೊಂಡು ಉಜ್ಜತೊಡಗಿದರು.

ನಾನು ಹೊರಟ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ, ಐದು ಮೆಟ್ಟಿಲಿಗೂ ಉಪ್ಪು ಬಿದ್ದಿತ್ತು.

ದೊಡ್ಡಬಳ್ಳಾಪುರ

ಬಂದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಹೇಳಿಬಿಡಬೇಕೆಂದು ಕೂರುತ್ತಿದ್ದೆ. ಅವಳು ಮೊದಲು ಅಲ್ಲಿನ ಸರ್ಕಾರ ರಚನೆಯ ಸುದ್ದಿ ಹೇಳುತ್ತಿದ್ದಳು. ಯಾರು ಯಾರ ಜೊತೆ ಸೇರುತ್ತಾರೆ, ಮುದುಕರ ಆರೈಕೆಯ ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ. “ಕೇಳೋ ಹಕ್ಕು ಐತೆ ಈಗ ನಂಗೆ,” ಎನ್ನುತ್ತಿದ್ದಳು. ಯುಗಾದಿಗೆ ಎಂಟು ದಿನ ಇರುವಾಗ ಉರ್ಸುಲಾ ಫೋನ್ ಮಾಡಿದರು. ಪಾರುವಿನ ಹೆಸರು ಹೇಳಿದ ದನಿಯಲ್ಲೇ ಅವಳು ಹೋದದ್ದು ತಿಳಿಯಿತು.

ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ತಂದಿದ್ದೇನೆ. ಮೈದುನನಿಗೆ ಹೇಳಿಯಾಗಿದೆ: “ಇನ್ಮೇಲೆ ನನಗೆ ಯಾರಿಗೆ ಅಂತ ಹೇಳಬೇಡಪ್ಪ. ನಾನೇ ಗೆರೆ ಹಾಕ್ಕೊಂಡು ನೋಡ್ತೀನಿ.” ಅವನು ಅತ್ತಿಗೆಗೆ ವಯಸ್ಸಾಯಿತು ಎಂಬಂತೆ ನೋಡಿದ.

ಹನ್ನೊಂದನೆಯ ದಿನವನ್ನು ಇಲ್ಲೇ ಮಾಡುವುದೆಂದಾಯಿತು. ನೆಂಟರಿಗೆ ಕಳಿಸುವ ಕಾಗದ ಪ್ರೆಸ್ಸಿನಿಂದ ಬಂತು. ಒಂದೊಂದೇ ಮಡಿಸಿ, ವಿಳಾಸ ಬರೆದು, ಅಂಟಿಸುತ್ತಾ ಕೂತೆ. ಅಭ್ಯಾಸದಂತೆ ಹೆಬ್ಬೆರಳು ಪಕ್ಕದಲ್ಲಿ ಅರಿಶಿನದ ಡಬ್ಬಿ ಹುಡುಕಿತು. ಸಾವಿನ ಕಾಗದಕ್ಕೆ ಅರಿಶಿನ ಹಚ್ಚುವುದಿಲ್ಲ. ಕೈಯನ್ನು ಮಡಿಲಿಗೆ ತಂದಿಟ್ಟುಕೊಂಡೆ. ನಾಲ್ಕು ಮೂಲೆಯೂ ಬೆಳ್ಳಗಿದ್ದ ಅಷ್ಟೂ ಲಕೋಟೆಗಳನ್ನು ಎಣಿಸಿ, ಜೋಡಿಸಿ, ಅಂಚೆಗೆ ಹಾಕಿ ಬಂದೆ. ಪಾರುವಿನ ಹೆಸರಿನಲ್ಲಿ ನಾನು ತಪ್ಪಿಲ್ಲದೆ ಕಳಿಸಿದ್ದು ಅವನ್ನು ಮಾತ್ರ.